ಹಳೇ ಸರ್ವರ್‌ನ ಶೇರ್ ಪರ್ಮಿಷನ್‌ಗಳನ್ನು ಹೊಸ ಸರ್ವರ್‌ಗೆ ಹಾಗೇ ತರುವುದು ಹೇಗೆ? ಸೋಮವಾರ ಆಫೀಸ್ ಶುರು

ಬೆಣ್ಣೆದೋಸೆ · ಶನಿವಾರ ಸಂಜೆ 6:10

ಎಲ್ಲರಿಗೂ ನಮಸ್ಕಾರ. ಒಂದು ಆಡಿಟರ್ ಆಫೀಸಿನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. 14 ಜನ ಕೆಲಸ ಮಾಡುವ ಜಾಗ. ಡೊಮೇನ್ ಇಲ್ಲ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ), ಬರೀ ವರ್ಕ್‌ಗ್ರೂಪ್, ಒಂದೊಂದು ಮೆಷಿನ್‌ಗೂ ಅದರದೇ ಯೂಸರ್ ಪಟ್ಟಿ. ಫೈಲ್ ಸರ್ವರ್‌ನಲ್ಲಿ ಇನ್ನೂ ವಿಂಡೋಸ್ ಸರ್ವರ್ 2012 ಆರ್2 ಓಡುತ್ತಿತ್ತು. ಅದರ ಸಪೋರ್ಟ್ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಸಾಹೇಬರನ್ನು ಒಪ್ಪಿಸಿ ಹೊಸ ಮೆಷಿನ್ ತರಿಸುವಷ್ಟರಲ್ಲಿ ಇಷ್ಟು ದಿನ ಆಯಿತು. ಹೊಸದರಲ್ಲಿ 2022 ಹಾಕಿದ್ದೇನೆ.

ಇವತ್ತು ಎಲ್ಲರೂ ಮನೆಗೆ ಹೋದ ಮೇಲೆ 600 ಜಿಬಿ ಡೇಟಾವನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಳೆದು ಹಾಕಿ, ಅಲ್ಲಿಂದ ಹೊಸ ಸರ್ವರ್‌ಗೆ ಸುರಿದೆ. ಫೈಲ್ ಎಲ್ಲ ಬಂದಿವೆ. ಪರ್ಮಿಷನ್ ಒಂದೂ ಬಂದಿಲ್ಲ. 'ಸಂಬಳ' ಅಂತ ಒಂದು ಫೋಲ್ಡರ್ ಇದೆ. ಹಳೇ ಸರ್ವರ್‌ನಲ್ಲಿ ಅದು ಇಬ್ಬರಿಗೆ ಮಾತ್ರ ತೆರೆಯುತ್ತಿತ್ತು. ಹೊಸದರಲ್ಲಿ ಆರ್ಟಿಕಲ್ಸ್ (ಸಿಎ ತರಬೇತಿ) ಮಾಡುವ ಹುಡುಗನ ಲಾಗಿನ್ ಹಾಕಿ ನೋಡಿದೆ. ಯಾರು ಎಷ್ಟು ತಗೋತಾರೆ ಅಂತ ಸಲೀಸಾಗಿ ಕಾಣಿಸಿತು. ಎದೆ ಧಸಕ್ ಅಂತು.

9 ಶೇರ್ ಇವೆ, ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್‌ಗಳು. ಒಳಗೆ ಬೇರೆ ಬೇರೆ ಪರ್ಮಿಷನ್ ಇರುವ ಫೋಲ್ಡರ್ ಒಂದು ಅರವತ್ತಾದರೂ ಇರಬಹುದು. ಯಾರಿಗೆ ಯಾವುದು ಅಂತ ಎಲ್ಲೂ ಬರೆದಿಟ್ಟಿಲ್ಲ. ಹಳೇ ಸರ್ವರ್ ಇನ್ನೂ ಆನ್ ಇದೆ. ಕೈಯಲ್ಲಿ ಒಂದೊಂದೇ ಹಾಕುತ್ತಾ ಕೂರಬೇಕಾ, ಅಥವಾ ದಾರಿ ಇದೆಯಾ?

ಕೇಬಲ್ ಗಂಟು · ಶನಿವಾರ ಸಂಜೆ 6:22

ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟು ಮನೆಗೆ ಹೋಗಿ ಮಲಗು ಗುರು.

ಬೆಣ್ಣೆದೋಸೆ · ಶನಿವಾರ ಸಂಜೆ 6:25

ಹಾಗೆ ಮಾಡಿದರೆ ಸೋಮವಾರದಿಂದ ಮನೆಯಲ್ಲೇ ಮಲಗಿರಬೇಕಾಗುತ್ತೆ.

ಹಳೇ ಅಡ್ಮಿನ್ · ಶನಿವಾರ ಸಂಜೆ 6:50

ಮೊದಲು ಒಂದು ಮಾತು. ಹಳೇ ಸರ್ವರ್ ಮುಟ್ಟಬೇಡಿ. ಅಲ್ಲಿನ ಫೋಲ್ಡರ್‌ಗಳನ್ನು ಎಕ್ಸ್‌ಪ್ಲೋರರ್‌ನಲ್ಲಿ ತೆರೆಯಲೂ ಹೋಗಬೇಡಿ. 'ಈ ಫೋಲ್ಡರ್‌ಗೆ ನಿಮಗೆ ಅನುಮತಿ ಇಲ್ಲ' ಅಂತ ಒಂದು ಬಾಕ್ಸ್ ಬರುತ್ತೆ, ಕೆಳಗೆ 'ಕಂಟಿನ್ಯೂ' ಬಟನ್. ಅದನ್ನು ಒತ್ತಿದರೆ ಸುಮ್ನೆ ಬಾಗಿಲು ತೆರೆಯುವುದಿಲ್ಲ. ನಿಮ್ಮ ಹೆಸರನ್ನು ಆ ಫೋಲ್ಡರ್‌ನ ಪರ್ಮಿಷನ್ ಪಟ್ಟಿಗೆ ಖಾಯಂ ಆಗಿ ಸೇರಿಸಿಬಿಡುತ್ತೆ. ಎಷ್ಟೋ ಸರ್ವರ್‌ಗಳಲ್ಲಿ ಕೆಲಸ ಬಿಟ್ಟು ಹೋದ ಅಡ್ಮಿನ್‌ಗಳ ಹೆಸರು ಉಳಿದಿರುವುದು ಹೀಗೇ.

ಈಗ ವಿಷಯ. ನೀವು ಪರ್ಮಿಷನ್ ಅಂತ ಒಂದೇ ಪದ ಬಳಸಿದ್ದೀರಿ. ಇಲ್ಲಿ ಎರಡು ಇವೆ. ವಠಾರದ ಗೇಟು ಒಂದು, ಒಳಗಿನ ಮನೆಗಳ ಬಾಗಿಲು ಇನ್ನೊಂದು. ಗೇಟು ಅಂದರೆ ಶೇರ್ ಪರ್ಮಿಷನ್. ನೆಟ್‌ವರ್ಕ್ ಮೂಲಕ ಬರುವವರಿಗೆ ಮಾತ್ರ ಅದು ಅಡ್ಡ ಬರುತ್ತೆ. ಬಾಗಿಲು ಅಂದರೆ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್ ಫಾರ್ಮ್ಯಾಟ್) ಪರ್ಮಿಷನ್. ಇದು ಪ್ರತಿ ಫೈಲು, ಫೋಲ್ಡರ್ ಜೊತೆ ಡಿಸ್ಕ್‌ನಲ್ಲೇ ಇರುತ್ತೆ. ನೆಟ್‌ವರ್ಕ್‌ನಿಂದ ಬಂದವನು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತೆ.

ಈ ಎರಡೂ ಇರುವ ಜಾಗ ಬೇರೆ. ಹಾಗಾಗಿ ಬ್ಯಾಕಪ್ ತೆಗೆಯುವ ರೀತಿಯೂ ಬೇರೆ. ಒಂದನ್ನು ತಂದು ಇನ್ನೊಂದನ್ನು ಮರೆಯುವುದೇ ಎಲ್ಲರೂ ಮಾಡುವ ತಪ್ಪು.

ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್ ಯಾವ ಫಾರ್ಮ್ಯಾಟ್? ಎಕ್ಸ್‌ಫ್ಯಾಟ್ ಆಗಿದ್ದರೆ ಅದಕ್ಕೆ ಪರ್ಮಿಷನ್ ಅನ್ನುವುದೇ ಗೊತ್ತಿಲ್ಲ. ಎನ್‌ಟಿಎಫ್‌ಎಸ್ ಆಗಿದ್ದರೂ ನಿಮ್ಮ ಕಥೆ ಇದೇ ಆಗುತ್ತಿತ್ತು. ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಮಾಡಿದ ಫೈಲು ಹೋಗಿ ಕೂತ ಫೋಲ್ಡರ್‌ನ ಪರ್ಮಿಷನ್ನೇ ಹೊದ್ದುಕೊಳ್ಳುತ್ತೆ. ಹಳೇದನ್ನು ಉಳಿಸಿಕೊಳ್ಳುವುದು ಅದೇ ಡ್ರೈವ್‌ನೊಳಗೆ ಮೂವ್ ಮಾಡಿದಾಗ ಮಾತ್ರ.

ಕೇಬಲ್ ಗಂಟು ಅವರೇ, ಗೇಟಿನ ಮಟ್ಟಿಗೆ ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಗೇಟು ಅಗಲವಾಗಿ ತೆರೆದಿಟ್ಟು, ಬಾಗಿಲಲ್ಲಿ ಬಿಗಿ ಮಾಡುವವರು ತುಂಬಾ ಜನ ಇದ್ದಾರೆ. ನಾನೂ ಹಾಗೇ ಮಾಡುತ್ತೇನೆ. ಬಾಗಿಲಿಗೂ ಎವ್ರಿಒನ್ ಹಾಕಿದರೆ ಮಾತ್ರ ಅದು ವಠಾರ ಅಲ್ಲ, ಬಸ್ ಸ್ಟ್ಯಾಂಡು.

ಬೆಣ್ಣೆದೋಸೆ · ಶನಿವಾರ ಸಂಜೆ 7:05

ಎಕ್ಸ್‌ಫ್ಯಾಟೇ ಸರ್. ಗೇಟಿನದು ಎಲ್ಲಿರುತ್ತೆ?

ಹಳೇ ಅಡ್ಮಿನ್ · ಶನಿವಾರ ರಾತ್ರಿ 7:30

ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ. ಲೋಕಲ್ ಮೆಷಿನ್ ಕೆಳಗೆ ಸಿಸ್ಟಂ, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್, ಲ್ಯಾನ್‌ಮ್ಯಾನ್‌ಸರ್ವರ್, ಅದರೊಳಗೆ ಶೇರ್ಸ್. ಪ್ರತಿ ಶೇರ್‌ಗೂ ಒಂದು ಎಂಟ್ರಿ ಕಾಣುತ್ತೆ. ಪಾತ್ (ಫೋಲ್ಡರ್ ಇರುವ ವಿಳಾಸ) ಏನು, ಎಷ್ಟು ಜನ ಒಟ್ಟಿಗೆ ಬರಬಹುದು, ಟಿಪ್ಪಣಿ ಏನು ಅಂತ. ಅದರ ಕೆಳಗೆ ಸೆಕ್ಯುರಿಟಿ ಅಂತ ಇನ್ನೊಂದು ಕೀ. ಪರ್ಮಿಷನ್ ಇರುವುದು ಅದರಲ್ಲಿ, ಬೈನರಿ ರೂಪದಲ್ಲಿ. ಶೇರ್ಸ್ ಕೀ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟರೆ ಎರಡೂ ಒಂದೇ ಫೈಲ್‌ನಲ್ಲಿ ಬರುತ್ತವೆ. ಸಿ ಡಾಲರ್‌ನಂಥ ಅಡ್ಮಿನ್ ಶೇರ್‌ಗಳು ಅಲ್ಲಿ ಇರುವುದಿಲ್ಲ, ಅವು ತಾವಾಗೇ ಹುಟ್ಟಿಕೊಳ್ಳುತ್ತವೆ.

ಹೊಸ ಸರ್ವರ್‌ನಲ್ಲಿ ಇಂಪೋರ್ಟ್ ಮಾಡುವ ಮುಂಚೆ ಅಲ್ಲಿನ ಅದೇ ಕೀಯನ್ನೂ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಇಂಪೋರ್ಟ್ ಮಾಡಿ 'ಸರ್ವರ್' ಸರ್ವೀಸ್ ರೀಸ್ಟಾರ್ಟ್ ಮಾಡಿ. ಹೌದು, ಆ ಸರ್ವೀಸ್ ಹೆಸರೇ ಸರ್ವರ್.

ಒಂದು ಷರತ್ತು. ಪಾತ್ ಅಕ್ಷರಶಃ ಒಂದೇ ಇರಬೇಕು. ಹಳೇದರಲ್ಲಿ ಡೇಟಾ ಯಾವ ಡ್ರೈವ್, ಹೊಸದರಲ್ಲಿ ಯಾವ ಡ್ರೈವ್?

ಬೆಣ್ಣೆದೋಸೆ · ಶನಿವಾರ ರಾತ್ರಿ 7:34

ಹಳೇದರಲ್ಲಿ ಇ. ಹೊಸದರಲ್ಲಿ ಡಿ. ಎಕ್ಸ್‌ಪೋರ್ಟ್ ಮಾಡಿದ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಇ ತೆಗೆದು ಡಿ ಮಾಡೋಣ ಅಂದರೆ ಪಾತ್ ಎಲ್ಲೂ ಕಾಣಿಸುತ್ತಿಲ್ಲ. ಬರೀ 45,00,3ಎ ಥರ ಅಂಕಿಗಳು.

ಹಳೇ ಅಡ್ಮಿನ್ · ಶನಿವಾರ ರಾತ್ರಿ 7:41

ಆ 45 ಅಂದರೇ ಇ, ಮುಂದಿನ 3ಎ ಕೋಲನ್. ಆ ಜಾತಿಯ ವ್ಯಾಲ್ಯೂಗಳನ್ನು ಎಕ್ಸ್‌ಪೋರ್ಟ್ ಮಾಡಿದರೆ ಹೆಕ್ಸ್‌ನಲ್ಲೇ (ಅಕ್ಷರದ ಬದಲು ಅಂಕಿ ಸಂಕೇತದಲ್ಲಿ) ಬರುತ್ತವೆ. ಅದನ್ನು ತಿದ್ದುವ ಸಾಹಸ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹೊಸ ಸರ್ವರ್‌ನ ಡ್ರೈವ್ ಅಕ್ಷರವನ್ನೇ ಇ ಮಾಡಿಬಿಡಿ.

ಬೆಣ್ಣೆದೋಸೆ · ಶನಿವಾರ ರಾತ್ರಿ 7:58

ಇ ಅಕ್ಷರದ ಮೇಲೆ ಡಿವಿಡಿ ಡ್ರೈವ್ ಕೂತಿತ್ತು. ಅದನ್ನು ಝಡ್‌ಗೆ ಓಡಿಸಿದೆ. ಈಗ ಎರಡೂ ಕಡೆ ಇ. ಶೇರ್ 9ಕ್ಕೆ 9 ಬಂದವು! ಹೆಸರು, ಟಿಪ್ಪಣಿ ಎಲ್ಲ ಹಾಗೇ ಇವೆ.

ರಾತ್ರಿಪಾಳಿ · ಶನಿವಾರ ರಾತ್ರಿ 8:15

ಒಳಗಿನ ಬಾಗಿಲಿಗೆ ವಿಂಡೋಸ್‌ನ ಕಾಪಿ ಕಮಾಂಡ್ ರೋಬೋಕಾಪಿ ಸಾಕಲ್ವಾ? ಡೇಟಾ ಆಗಲೇ ಹೊಸ ಕಡೆ ಇದೆ, ಮತ್ತೆ 600 ಜಿಬಿ ಎಳೆಯುವುದು ಬೇಡ. ಅದರಲ್ಲಿ ಸೆಕ್‌ಫಿಕ್ಸ್ ಅಂತ ಸ್ವಿಚ್ (ಕಮಾಂಡ್ ಜೊತೆ ಹಾಕುವ ಆಯ್ಕೆ) ಇದೆ. ಈಗಾಗಲೇ ಇರುವ ಫೈಲ್ ಅಂತ ಬಿಟ್ಟು ಮುಂದೆ ಹೋಗುವಾಗಲೂ ಅದರ ಪರ್ಮಿಷನ್ ಮಾತ್ರ ಸರಿ ಮಾಡಿ ಹೋಗುತ್ತೆ. ಅದೊಂದೇ ಹಾಕಿದರೆ ಆಗುವುದಿಲ್ಲ, ಪರ್ಮಿಷನ್ ಕಾಪಿ ಮಾಡು ಅನ್ನುವ ಸೆಕ್ ಸ್ವಿಚ್ ಕೂಡ ಜೊತೆಗೆ ಬೇಕು. ಏನೂ ಹಾಕದಿದ್ದರೆ ರೋಬೋಕಾಪಿ ಪರ್ಮಿಷನ್ ಕಡೆ ತಲೆ ಹಾಕುವುದೇ ಇಲ್ಲ.

ನಿಮ್ಮ ಕೇಸಿನಲ್ಲಿ ಎಫ್‌ಎಫ್‌ಟಿ ಸ್ವಿಚ್ ಕೂಡ ಹಾಕಿ. ಫೈಲ್‌ಗಳು ಎಕ್ಸ್‌ಫ್ಯಾಟ್ ಹಾದು ಬಂದಿವೆ. ಅದರಲ್ಲಿ ಸಮಯ ಎನ್‌ಟಿಎಫ್‌ಎಸ್‌ನಷ್ಟು ಸೂಕ್ಷ್ಮವಾಗಿ ಉಳಿಯುವುದಿಲ್ಲ. ಒಂದು ಚೂರು ವ್ಯತ್ಯಾಸ ಕಂಡರೂ ರೋಬೋಕಾಪಿ ಇದು ಬೇರೆ ಫೈಲ್ ಅಂದುಕೊಂಡು ಎಲ್ಲವನ್ನೂ ಮೊದಲಿಂದ ಎಳೆಯುತ್ತೆ. ಎಫ್‌ಎಫ್‌ಟಿ ಹಾಕಿದರೆ 2 ಸೆಕೆಂಡ್‌ವರೆಗಿನ ವ್ಯತ್ಯಾಸ ಕ್ಷಮಿಸುತ್ತೆ.

ಇನ್ನೊಂದು. ಮರುಪ್ರಯತ್ನದ ಆರ್ ಸ್ವಿಚ್ 1 ಅಂತ, ಕಾಯುವ ಡಬ್ಲ್ಯೂ 1 ಅಂತ ಹಾಕಿ. ಹಾಕದಿದ್ದರೆ ಡಿಫಾಲ್ಟ್ ಎಷ್ಟು ಗೊತ್ತಾ? 10 ಲಕ್ಷ ಸಲ ಪ್ರಯತ್ನ, ಪ್ರತಿ ಸಲ 30 ಸೆಕೆಂಡ್ ಕಾಯುವುದು. ಯಾರೋ ತೆರೆದಿಟ್ಟ ಒಂದು ಎಕ್ಸೆಲ್ ಫೈಲಿಗೆ 347 ದಿನ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾತ್ರಿ ಹಾಕಿ ಹೋದ ಕಾಪಿ ಬೆಳಿಗ್ಗೆ ನೋಡಿದರೆ ಮೂರನೇ ಫೈಲ್‌ನಲ್ಲೇ ನಿಂತಿತ್ತು. ಮ್ಯಾನೇಜರ್ ಪಕ್ಕದಲ್ಲೇ ಇದ್ದರು.

ಹಳೇ ಅಡ್ಮಿನ್ · ಶನಿವಾರ ರಾತ್ರಿ 8:31

ರಾತ್ರಿಪಾಳಿ ಹೇಳಿದ್ದೆಲ್ಲ ಸರಿ. ಡೊಮೇನ್ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಡೊಮೇನ್ ಇಲ್ಲ. ತೊಡಕು ಅಲ್ಲೇ ಇದೆ.

ಪರ್ಮಿಷನ್ ಪಟ್ಟಿಯಲ್ಲಿ ವಿಂಡೋಸ್ ಹೆಸರು ಬರೆದುಕೊಳ್ಳುವುದಿಲ್ಲ. ಎಸ್‌ಐಡಿ ಅನ್ನುವ ಉದ್ದದ ನಂಬರ್ ಬರೆದುಕೊಳ್ಳುತ್ತೆ. ಎಸ್-1-5-21 ಅಂತ ಶುರು ಆಗುತ್ತೆ. ಮುಂದೆ ಮೂರು ದೊಡ್ಡ ಅಂಕಿ, ಅವು ಆ ಮೆಷಿನ್‌ನ ಗುರುತು. ಕೊನೆಗೆ ಒಂದು ಸಣ್ಣ ಅಂಕಿ, 1001, 1002 ಥರ. ಅದು ಯೂಸರ್‌ದೋ ಗ್ರೂಪ್‌ದೋ. ಡೊಮೇನ್ ಇದ್ದರೆ ನಡುವಿನ ಗುರುತು ಡೊಮೇನ್‌ನದು, ಯಾವ ಸರ್ವರ್‌ಗೆ ಹೋದರೂ ಅದೇ. ನಿಮ್ಮದರಲ್ಲಿ ಅದು ಹಳೇ ಸರ್ವರ್‌ನದು. ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಯೂಸರ್ ಮಾಡಿದರೂ ನಂಬರ್ ಬೇರೆ. ಹೆಸರು ಒಂದೇ ಆದ ಮಾತ್ರಕ್ಕೆ ಆಸ್ತಿ ಸಿಗಲ್ಲ ಅಲ್ವಾ, ಹಾಗೆ.

ಅಡ್ಮಿನಿಸ್ಟ್ರೇಟರ್ಸ್ ಗ್ರೂಪ್‌ನಂಥ ಕೆಲವು ಎಲ್ಲ ಮೆಷಿನ್‌ಗೂ ಒಂದೇ. ಎಸ್-1-5-32-544. ಅವು ತಾವಾಗೇ ಸರಿ ಹೋಗುತ್ತವೆ. ಉಳಿದವು 'ಅಕೌಂಟ್ ಅನ್‌ನೋನ್' ಅಂತ ಕಾಣುತ್ತವೆ. ಈಗ ಇಂಪೋರ್ಟ್ ಮಾಡಿದ ಆ 9 ಶೇರ್‌ಗಳ ಪರ್ಮಿಷನ್ ಟ್ಯಾಬ್ ತೆರೆದು ನೋಡಿ.

ಬೆಣ್ಣೆದೋಸೆ · ಶನಿವಾರ ರಾತ್ರಿ 8:40

ಅಯ್ಯೋ. 6ರಲ್ಲಿ ಎವ್ರಿಒನ್ ಇದೆ, ಪರವಾಗಿಲ್ಲ. 3ರಲ್ಲಿ ಹೆಸರಿನ ಜಾಗದಲ್ಲಿ ಬರೀ ನಂಬರ್, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಸಂತೋಷ ಪಟ್ಟಿದ್ದು ಬೇಗ ಆಯಿತು.

ಹಳೇ ಅಡ್ಮಿನ್ · ಶನಿವಾರ ರಾತ್ರಿ 9:02

ಮೂರು ತಾನೇ, ಅವನ್ನು ಕೈಯಲ್ಲೇ ಹಾಕಿ. ಒಳಗಿನ ಅರವತ್ತಕ್ಕೆ ಐಕ್ಯಾಕಲ್ಸ್ ಅನ್ನುವ ಪರ್ಮಿಷನ್ ಕಮಾಂಡ್ ಬಳಸಿ. ಅದರಲ್ಲಿ ಸೇವ್ ಇದೆ, ರಿಸ್ಟೋರ್ ಇದೆ, ಜೊತೆಗೆ ನಿಮಗೇ ಮಾಡಿಸಿದಂತಿರುವ ಸಬ್‌ಸ್ಟಿಟ್ಯೂಟ್ ಇದೆ. ಹಳೇ ಎಸ್‌ಐಡಿ ಕಂಡಲ್ಲೆಲ್ಲ ಹೊಸದನ್ನು ಹಾಕಿಕೊಂಡು ರಿಸ್ಟೋರ್ ಮಾಡುತ್ತೆ.

ಹಳೇ ಸರ್ವರ್‌ನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆಯಿರಿ. ಐಕ್ಯಾಕಲ್ಸ್, ಫೋಲ್ಡರ್ ಪಾತ್, ಸೇವ್, ಫೈಲ್ ಹೆಸರು, ಕೊನೆಗೆ ಟಿ ಮತ್ತು ಸಿ. ಟಿ ಹಾಕಿದರೆ ಒಳಗಿನ ಎಲ್ಲ ಫೋಲ್ಡರ್‌ಗೂ ಹೋಗುತ್ತೆ. ಸಿ ಹಾಕಿದರೆ ಎಲ್ಲಾದರೂ ಎಡವಿದರೂ ನಿಲ್ಲದೆ ಮುಂದೆ ಹೋಗುತ್ತೆ. ಅದೇ ಕಿಟಕಿಯಲ್ಲಿ ಡಬ್ಲ್ಯೂಮಿಕ್ ಕಮಾಂಡ್ ಬಳಸಿ ಯೂಸರ್, ಗ್ರೂಪ್‌ಗಳ ಹೆಸರು ಮತ್ತು ಎಸ್‌ಐಡಿ ತೆಗೆದುಕೊಳ್ಳಿ. ಯೂಸರ್ ಪಟ್ಟಿ ಕೊಡುವ ಗೆಟ್-ಲೋಕಲ್‌ಯೂಸರ್ ಕಮಾಂಡ್ ಪವರ್‌ಶೆಲ್ 5.1ರಿಂದ ಬಂದದ್ದು, 2012 ಆರ್2ರ ಜೊತೆ ಬಂದ ಪವರ್‌ಶೆಲ್‌ನಲ್ಲಿ ಇಲ್ಲ. ಹೊಸ ಸರ್ವರ್‌ನಲ್ಲಿ ಸಿಗುತ್ತೆ.

ಐಕ್ಯಾಕಲ್ಸ್ ಸೇವ್ ಮಾಡುವುದು ಯಾರಿಗೆ ಏನು ಅನುಮತಿ ಅನ್ನುವ ಪಟ್ಟಿಯನ್ನು ಮಾತ್ರ. ಫೈಲ್‌ನ ಓನರ್ ಯಾರು, ಆಡಿಟ್ ಸೆಟ್ಟಿಂಗ್ ಏನು ಅನ್ನುವುದು ಅದರಲ್ಲಿ ಇರಲ್ಲ. ಯಾರ ಲೆಕ್ಕಕ್ಕೆ ಎಷ್ಟು ಜಾಗ ಅಂತ ಕೋಟಾ ಇಟ್ಟಿದ್ದರೆ ಓನರ್ ಮುಖ್ಯ. ನಿಮ್ಮಲ್ಲಿ ಇರಲಿಕ್ಕಿಲ್ಲ.

ಕೇಬಲ್ ಗಂಟು · ಶನಿವಾರ ರಾತ್ರಿ 9:10

ಹೊಸ ಸರ್ವರ್‌ನಲ್ಲಿ ಯೂಸರ್‌ಗಳನ್ನು ಹಳೇ ಕ್ರಮದಲ್ಲೇ ಮಾಡುತ್ತಾ ಹೋದರೆ ಕೊನೆಯ ಅಂಕಿ ತಾನಾಗೇ ಹೊಂದುತ್ತೆ ಅಲ್ವಾ? 1001, 1002, 1003 ಅಂತ. ಆಗ ನಡುವಿನ ಮೂರು ಅಂಕಿ ಬದಲಾಯಿಸಿದರೆ ಸಾಕು. ಒಂದೇ ಏಟು.

ಹಳೇ ಅಡ್ಮಿನ್ · ಶನಿವಾರ ರಾತ್ರಿ 9:14

ಐಡಿಯಾ ಚೆನ್ನಾಗಿದೆ. ನಡುವೆ ಯಾರನ್ನಾದರೂ ಡಿಲೀಟ್ ಮಾಡಿದ್ದರೆ ಆ ಅಂಕಿ ಮತ್ತೆ ಯಾರಿಗೂ ಸಿಗಲ್ಲ. ಅಷ್ಟು ವರ್ಷದಲ್ಲಿ ಎಷ್ಟು ಆರ್ಟಿಕಲ್ಸ್ ಹುಡುಗರು ಬಂದು ಹೋದರು ಅಂತ ಲೆಕ್ಕ ಇಟ್ಟವರು ಯಾರು? ಒಂದು ತಪ್ಪಿದರೆ ಅಲ್ಲಿಂದ ಮುಂದೆ ಎಲ್ಲರೂ ಪಕ್ಕದವನ ಮನೆಗೆ ನುಗ್ಗುತ್ತಾರೆ.

ಬೆಣ್ಣೆದೋಸೆ · ಭಾನುವಾರ ಬೆಳಿಗ್ಗೆ 10:20

ರಾತ್ರಿ ಸೇವ್ ಮಾಡಿದೆ. ಫೋಲ್ಡರ್ ಹೆಸರುಗಳು ಕನ್ನಡದಲ್ಲಿವೆ. ಪರದೆ ಮೇಲೆ ಬರೀ ಚೌಕಗಳು ಓಡಿದವು, ಎಲ್ಲ ಹಾಳಾಯಿತು ಅಂದುಕೊಂಡೆ. ಸೇವ್ ಆದ ಫೈಲ್ ತೆರೆದರೆ 'ಸಂಬಳ' ಅಂತಲೇ ಇದೆ. ಒಂದು ಸಾಲು ಫೋಲ್ಡರ್ ಹೆಸರು, ಮುಂದಿನ ಸಾಲು ಬ್ರಾಕೆಟ್, ಸೆಮಿಕೋಲನ್ ತುಂಬಿದ ಮಂತ್ರ.

ಹೊಸ ಸರ್ವರ್‌ನಲ್ಲಿ ಇವತ್ತು ಉಳಿದ ಯೂಸರ್, ಗ್ರೂಪ್ ಎಲ್ಲ ಮಾಡಿ ರಿಸ್ಟೋರ್ ಓಡಿಸಿದೆ. 'ಪಾತ್ ಸಿಗುತ್ತಿಲ್ಲ' ಅಂತ ಸಾವಿರ ಸಾಲು ಬಂತು. ಕೊನೆಗೆ ಯಶಸ್ವಿ ಆದದ್ದು 0 ಫೈಲ್. ಪಾತ್ ಅಲ್ಲೇ ಇದೆಯಲ್ಲ! ಇ ಡ್ರೈವ್‌ನಲ್ಲಿ 'ಆಫೀಸ್' ಫೋಲ್ಡರ್. ಸೇವ್ ಮಾಡುವಾಗ ಕೊಟ್ಟ ಪಾತನ್ನೇ ರಿಸ್ಟೋರ್‌ಗೂ ಕೊಟ್ಟಿದ್ದೇನೆ.

ಹಳೇ ಅಡ್ಮಿನ್ · ಭಾನುವಾರ ಬೆಳಿಗ್ಗೆ 10:38

ಇಲ್ಲಿ ಎಲ್ಲರೂ ಒಮ್ಮೆ ಬೀಳುತ್ತಾರೆ. ಸೇವ್ ಆದ ಫೈಲ್‌ನ ಮೊದಲ ಸಾಲು ನೋಡಿ. 'ಆಫೀಸ್' ಅಂತ ಇದೆ ತಾನೇ? ಡ್ರೈವ್ ಅಕ್ಷರ ಇಲ್ಲ. ನೀವು ಇ ಕೋಲನ್ ಆಫೀಸ್ ಅಂತ ಕೊಟ್ಟಿರಿ. ಅದು ಆಫೀಸ್ ಒಳಗೆ ಇನ್ನೊಂದು ಆಫೀಸ್ ಹುಡುಕಿತು. ರಿಸ್ಟೋರ್‌ಗೆ ಒಂದು ಮೆಟ್ಟಿಲು ಮೇಲಿನ ಪಾತ್ ಕೊಡಬೇಕು. ನಿಮ್ಮ ಕೇಸಿನಲ್ಲಿ ಬರೀ ಇ ಡ್ರೈವ್‌ನ ಬುಡ.

ಸೇವ್ ಮಾಡುವಾಗ ಆಫೀಸ್ ಪಾತ್‌ನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದ್ದರೆ ಅದೇ ಪಾತ್ ಸಾಕಾಗುತ್ತಿತ್ತು. ಆಗ ಆಫೀಸ್ ಫೋಲ್ಡರ್‌ನದೇ ಪರ್ಮಿಷನ್ ಫೈಲ್‌ನಲ್ಲಿ ಇರುತ್ತಿರಲಿಲ್ಲ, ಒಳಗಿನವು ಮಾತ್ರ. ನೀವು ಮಾಡಿದ್ದೇ ಒಳ್ಳೆಯದು.

ಪೆಂಗ್ವಿನಮ್ಮ · ಭಾನುವಾರ ಬೆಳಿಗ್ಗೆ 11:15

ನಮ್ಮ ಲಿನಕ್ಸ್ ಕಡೆಯೂ ಇದೇ ಗುಂಡಿ ಇದೆ, ನಗು ಬಂತು. ಗೆಟ್‌ಫ್ಯಾಕಲ್ ಬಳಸಿ ಪರ್ಮಿಷನ್ ಸೇವ್ ಮಾಡಿದರೆ ಪಾತ್‌ನ ಮೊದಲ ಸ್ಲ್ಯಾಶ್ ತೆಗೆದುಬಿಡುತ್ತೆ. ಸೆಟ್‌ಫ್ಯಾಕಲ್‌ನಲ್ಲಿ ರಿಸ್ಟೋರ್ ಮಾಡುವಾಗ ರೂಟ್‌ಗೆ (ಎಲ್ಲಕ್ಕೂ ಮೇಲಿನ ಫೋಲ್ಡರ್‌ಗೆ) ಹೋಗಿ ನಿಂತು ಮಾಡಬೇಕು. ಬೇರೆ ಫೋಲ್ಡರ್‌ನಲ್ಲಿ ನಿಂತು ಮಾಡಿದರೆ ಫೈಲೇ ಇಲ್ಲ ಅನ್ನುತ್ತೆ.

ಸಾಂಬಾ (ಲಿನಕ್ಸ್‌ನಿಂದ ವಿಂಡೋಸ್ ಥರದ ಶೇರ್ ಕೊಡುವ ಸಾಫ್ಟ್‌ವೇರ್) ಸರ್ವರ್ ಬದಲಾಯಿಸುವವರು ಯಾರಾದರೂ ಓದುತ್ತಿದ್ದರೆ ಹೇಳಿಬಿಡುತ್ತೇನೆ. ಗೇಟು, ಬಾಗಿಲು ಅಲ್ಲೂ ಬೇರೆ ಬೇರೆ. ಶೇರ್‌ಗಳ ಪಟ್ಟಿ ಸಾಂಬಾದ ಕಾನ್ಫಿಗ್ ಫೈಲ್‌ನಲ್ಲಿ, ಅದನ್ನು ಎಲ್ಲರೂ ತರುತ್ತಾರೆ. ವಿಂಡೋಸ್ ಮೆಷಿನ್‌ನಿಂದ ಶೇರ್ ಪರ್ಮಿಷನ್ ಬದಲಾಯಿಸಿದ್ದರೆ ಅದು ಶೇರ್ ಇನ್ಫೋ ಅನ್ನುವ ಟಿಡಿಬಿ ಫೈಲ್‌ನಲ್ಲಿ ಕೂರುತ್ತೆ, ಅದನ್ನು ಯಾರೂ ತರುವುದಿಲ್ಲ. ಸರ್ವರ್ ಓಡುತ್ತಿರುವಾಗ ಬರೀ ಕಾಪಿ ಮಾಡಬೇಡಿ, ಟಿಡಿಬಿಬ್ಯಾಕಪ್ ಅನ್ನುವ ಕಮಾಂಡ್ ಇರುವುದೇ ಅದಕ್ಕೆ.

ಫೈಲ್‌ಗಳನ್ನು ಆರ್‌ಸಿಂಕ್ ಅನ್ನುವ ಕಾಪಿ ಕಮಾಂಡ್‌ನಲ್ಲಿ ತರುವಾಗ ಬರೀ ಸಣ್ಣ ಎ ಸ್ವಿಚ್ ಸಾಲದು. ದೊಡ್ಡ ಎ, ದೊಡ್ಡ ಎಕ್ಸ್ ಎರಡೂ ಬೇಕು, ರೂಟ್ ಯೂಸರ್ (ಅಡ್ಮಿನ್) ಆಗಿ ಓಡಿಸಬೇಕು. ಸಾಂಬಾದ ಎಸಿಎಲ್ ಎಕ್ಸ್ಆಟರ್ ಮಾಡ್ಯೂಲ್ ಬಳಸುತ್ತಿದ್ದರೆ ವಿಂಡೋಸ್ ಥರದ ಪರ್ಮಿಷನ್ ಎಲ್ಲ ಫೈಲ್‌ನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ ಇರುತ್ತೆ. ದೊಡ್ಡ ಎಕ್ಸ್ ಮರೆತರೆ ಅದಷ್ಟೂ ಹಳೇ ಮನೆಯಲ್ಲೇ ಉಳಿಯುತ್ತೆ.

ರಾತ್ರಿಪಾಳಿ · ಭಾನುವಾರ ಮಧ್ಯಾಹ್ನ 12:05

ನಾವು ಡೊಮೇನ್ ಇರುವ ಕಡೆ ಈಗ ಸ್ಟೋರೇಜ್ ಮೈಗ್ರೇಷನ್ ಸರ್ವೀಸನ್ನೇ ಬಳಸುವುದು. ವಿಂಡೋಸ್ ಸರ್ವರ್ 2019ರ ಜೊತೆ ಬಂತು, ವಿಂಡೋಸ್ ಅಡ್ಮಿನ್ ಸೆಂಟರ್‌ನಿಂದ ನಡೆಸಬಹುದು. ಡೇಟಾ, ಶೇರ್, ಪರ್ಮಿಷನ್ ಎಲ್ಲ ತಂದು ಕೊನೆಗೆ ಹಳೇ ಸರ್ವರ್‌ನ ಹೆಸರು, ಐಪಿ ಅಡ್ರೆಸ್ ಕೂಡ ಹೊಸದಕ್ಕೆ ಕೊಡುತ್ತೆ. ಯೂಸರ್‌ಗಳಿಗೆ ಸರ್ವರ್ ಬದಲಾಗಿದ್ದೇ ಗೊತ್ತಾಗಲ್ಲ. 14 ಜನರ ಆಫೀಸಿಗೆ ಇಷ್ಟೆಲ್ಲ ಬೇಡ ಅನ್ನಿ.

ಬೆಣ್ಣೆದೋಸೆ · ಭಾನುವಾರ ಮಧ್ಯಾಹ್ನ 3:40

ಒಂದು ಮೆಟ್ಟಿಲು ಮೇಲೆ ಹೋಗಿ ಕೊಟ್ಟೆ, ಓಡಿತು. ಸಬ್‌ಸ್ಟಿಟ್ಯೂಟ್‌ಗೆ 11 ಜೋಡಿ ಎಸ್‌ಐಡಿ ಬೇಕಾಯಿತು. ಎಕ್ಸೆಲ್‌ನಲ್ಲಿ ಒಂದು ಕಾಲಂ ಹಳೇದು, ಒಂದು ಕಾಲಂ ಹೊಸದು ಹಾಕಿ ಕಮಾಂಡ್ ಅಲ್ಲೇ ಕಟ್ಟಿದೆ. ಕೈಯಲ್ಲಿ ಟೈಪ್ ಮಾಡಿದ್ದರೆ ಖಂಡಿತ ಎಲ್ಲಾದರೂ ತಪ್ಪುತ್ತಿತ್ತು.

ಇನ್ನು 4 ಎಸ್‌ಐಡಿ ಯಾರದ್ದೂ ಅಲ್ಲ. ಹಳೇ ಸರ್ವರ್‌ನಲ್ಲೂ ಅವು ಅನ್‌ನೋನ್ ಅಂತಲೇ ಇವೆ. ಅದರಲ್ಲಿ ಒಂದಕ್ಕೆ 'ಸಂಬಳ' ಮೇಲೆ ಫುಲ್ ಕಂಟ್ರೋಲ್!

ಹಳೇ ಅಡ್ಮಿನ್ · ಭಾನುವಾರ ಮಧ್ಯಾಹ್ನ 3:52

ಬಿಟ್ಟು ಹೋದವರು ಯಾರೋ. ಅಕೌಂಟ್ ಡಿಲೀಟ್ ಮಾಡಿದ್ದಾರೆ, ಪಟ್ಟಿಯಿಂದ ತೆಗೆದಿಲ್ಲ. ಅಪಾಯ ಇಲ್ಲ, ಆ ನಂಬರ್ ಮತ್ತೆ ಹುಟ್ಟಲ್ಲ. ಕಸ ಅಂತ ಗುಡಿಸಿ ಹಾಕಿ.

ಈಗ ಟೆಸ್ಟ್ ಮಾಡುವಾಗ ನಿಮ್ಮ ಅಡ್ಮಿನ್ ಲಾಗಿನ್‌ನಿಂದ ನೋಡಬೇಡಿ, ಎಲ್ಲ ತೆರೆಯುತ್ತೆ. ಸರ್ವರ್ ಮುಂದೆ ಕೂತೂ ನೋಡಬೇಡಿ, ಗೇಟು ದಾಟಿದಂತೆ ಆಗುವುದಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ, ಪ್ರತಿ ಗ್ರೂಪ್‌ನಿಂದ ಒಬ್ಬರ ಲಾಗಿನ್‌ನಲ್ಲಿ ನೋಡಿ. ತೆರೆಯಬೇಕಾದ್ದು ತೆರೆಯಿತಾ ಅನ್ನುವುದಕ್ಕಿಂತ ತೆರೆಯಬಾರದ್ದು ತೆರೆಯಲಿಲ್ಲವಾ ಅಂತ ನೋಡಿ. ಮೊದಲನೇದು ತಪ್ಪಿದ್ದರೆ ಸೋಮವಾರ ಫೋನ್ ಬರುತ್ತೆ. ಎರಡನೇದಕ್ಕೆ ಯಾರೂ ಫೋನ್ ಮಾಡಲ್ಲ.

ಬೆಣ್ಣೆದೋಸೆ · ಭಾನುವಾರ ಸಂಜೆ 5:30

ಆರ್ಟಿಕಲ್ಸ್ ಹುಡುಗನ ಲಾಗಿನ್‌ನಲ್ಲಿ 'ಸಂಬಳ' ಕ್ಲಿಕ್ ಮಾಡಿದೆ. ಆಕ್ಸೆಸ್ ಡಿನೈಡ್. ಅದನ್ನು ನೋಡಿ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಗೆಟ್-ಎಸ್‌ಎಂಬಿಶೇರ್‌ಆಕ್ಸೆಸ್ ಓಡಿಸಿ ಶೇರ್‌ಗಳ ಪಟ್ಟಿ ಪ್ರಿಂಟ್ ತೆಗೆದು ಸಾಹೇಬರ ಫೈಲ್‌ನಲ್ಲಿ ಹಾಕಿದೆ. ಐಕ್ಯಾಕಲ್ಸ್ ಸೇವ್, ರಿಜಿಸ್ಟ್ರಿ ಎಕ್ಸ್‌ಪೋರ್ಟ್ ಎರಡನ್ನೂ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದ್ದೇನೆ. ಪ್ರತಿ ಶುಕ್ರವಾರ ರಾತ್ರಿ ತಾರೀಖಿನ ಹೆಸರಲ್ಲಿ ಒಂದೊಂದು ಫೈಲ್ ಬರುತ್ತೆ. ಯೂಸರ್ ಹೆಸರು, ಎಸ್‌ಐಡಿ ಪಟ್ಟಿಯೂ ಜೊತೆಗೇ, ಅದಿಲ್ಲದಿದ್ದರೆ ಆ ಮಂತ್ರ ಓದಲು ಆಗುವುದಿಲ್ಲ.

ಬೆಣ್ಣೆದೋಸೆ · ಸೋಮವಾರ ಬೆಳಿಗ್ಗೆ 10:45

ಒಂದೇ ಒಂದು ದೂರು. ಝೆರಾಕ್ಸ್ ಮೆಷಿನ್‌ನಿಂದ ಸ್ಕ್ಯಾನ್ ಮಾಡಿದ್ದು ಸರ್ವರ್‌ಗೆ ಬರುತ್ತಿಲ್ಲ. ಅದರ ಯೂಸರ್ ಮಾಡಿದ್ದೇನೆ, ಪಾಸ್‌ವರ್ಡ್ ಸರಿ ಇದೆ, ಫೋಲ್ಡರ್‌ಗೆ ಪರ್ಮಿಷನ್ ಇದೆ. ಎರಡು ಸಲ ನೋಡಿದೆ.

ಹಳೇ ಅಡ್ಮಿನ್ · ಸೋಮವಾರ ಬೆಳಿಗ್ಗೆ 10:53

ಮೆಷಿನ್ ಎಷ್ಟು ಹಳೇದು?

ಬೆಣ್ಣೆದೋಸೆ · ಸೋಮವಾರ ಬೆಳಿಗ್ಗೆ 10:55

ನಾನು ಇಲ್ಲಿಗೆ ಬರುವ ಮುಂಚೆಯೇ ಇತ್ತು.

ಹಳೇ ಅಡ್ಮಿನ್ · ಸೋಮವಾರ ಬೆಳಿಗ್ಗೆ 11:04

ಹಾಗಾದರೆ ಅದಕ್ಕೆ ಎಸ್‌ಎಂಬಿ1 (ಶೇರ್‌ಗಳ ಜೊತೆ ಮಾತಾಡುವ ಹಳೇ ಭಾಷೆ) ಮಾತ್ರ ಗೊತ್ತಿರಬೇಕು. ನಿಮ್ಮ 2022ರಲ್ಲಿ ಅದು ಡಿಫಾಲ್ಟ್ ಆಗಿ ಇರುವುದೇ ಇಲ್ಲ. ಇದು ಪರ್ಮಿಷನ್ ಜಗಳ ಅಲ್ಲ, ಭಾಷೆ ಜಗಳ. ಸರ್ವರ್‌ನಲ್ಲಿ ಎಸ್‌ಎಂಬಿ1 ಆನ್ ಮಾಡಿ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಹರಡಿದ್ದು ಆ ದಾರಿಯಲ್ಲೇ. ಮೆಷಿನ್‌ಗೆ ಹೊಸ ಫರ್ಮ್‌ವೇರ್ (ಅದರ ಒಳಗಿನ ಸಾಫ್ಟ್‌ವೇರ್) ಇದೆಯಾ ನೋಡಿ. ಇಲ್ಲದಿದ್ದರೆ ಸ್ಕ್ಯಾನನ್ನು ಇಮೇಲ್‌ಗೆ ಕಳಿಸುವ ಆಯ್ಕೆ ಇರಬಹುದು.

ಕೇಬಲ್ ಗಂಟು · ಸೋಮವಾರ ಬೆಳಿಗ್ಗೆ 11:06

ಎಸ್‌ಎಂಬಿ1 ಆನ್ ಮಾಡು ಅಂತ ಹೇಳೋಕೆ ಬಂದಿದ್ದೆ. ವಾಪಸ್ ಹೋಗ್ತೀನಿ.

ಬೆಣ್ಣೆದೋಸೆ · ಸೋಮವಾರ ಮಧ್ಯಾಹ್ನ 1:20

ಫರ್ಮ್‌ವೇರ್ ಇಲ್ಲ. ಸದ್ಯಕ್ಕೆ ಮೆಷಿನ್‌ಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಿದ್ದೇನೆ. ಸಾಹೇಬರು ಬಂದು ನೋಡಿ, 'ಇದರಲ್ಲಿರೋದನ್ನ ಯಾರು ಬೇಕಾದರೂ ನೋಡಬಹುದಾ?' ಅಂದರು. ಇಮೇಲ್ ಸೆಟಪ್ ಮಾಡುತ್ತಾ ಕೂತಿದ್ದೇನೆ.